ತುಟಿ ಆಡಿಸಿದರೆ ಸಾಕು

ಮೊನ್ನೆ ಬೆಳಿಗ್ಗೆ ಫೋನು ಟಿಣ್ ಎಂದಿತು. ಕೆಸರೆಯ ವಿನ್ಸೆಂಟ್ ಕಳಿಸಿದ್ದು: “ಮಿಸ್, ನಮ್ಮ ಎರಡನೇ ಆಲ್ಬಮ್ ಬಂತು. ಕೇಳಿ ಹೇಳಿ.” ಚಿತ್ರದಲ್ಲಿ ಅವನು, ತಂಗಿ ರೀಟಾ, ಕೊನೆಯವಳು ಸ್ಟೆಲ್ಲಾ. ಮೂವರೂ ನಮ್ಮ ಚರ್ಚಿನ ಕ್ವಾಯರ್‌ನಲ್ಲಿ ನನ್ನ ಕೈಕೆಳಗೆ ಹಾಡಿ ಬೆಳೆದವರು. ಸೋಲ್ ಸಂಗೀತವಂತೆ. ನನಗೆ ತಿಳಿದ ಮಟ್ಟಿಗೆ, ಪ್ರಾರ್ಥನೆಯ ಹಾಡನ್ನು ಮನೆಗೆ ಕರೆತಂದು ಅದಕ್ಕೆ ಪ್ರೀತಿ, ಜಗಳ, ಅಳು ಎಲ್ಲ ಬಡಿಸಿದರೆ ಹೀಗಾಗುತ್ತದೆ. ಮೊದಲನೇ ಆಲ್ಬಮ್ಮಿನಲ್ಲಿ ಅಣ್ಣ ಹಾಡಿದ್ದ, ತಂಗಿಯರು ಹಿಂದೆ ನಿಂತು ‘ಊ’ ಎಂದಿದ್ದರು. ಇದರಲ್ಲಿ ಮೂವರೂ ಸರದಿಯಂತೆ ಮುಂದೆ ಬಂದಿದ್ದಾರೆ.

ನಾಲ್ಕನೇ ಹಾಡಿಗೆ ಕಾಫಿ ಲೋಟ ಕೆಳಗಿಟ್ಟೆ. ತಗ್ಗಿನ ಹೆಣ್ಣುಕಂಠ, ಎದೆಯೊಳಗಿಂದ ಎದ್ದು ಬರುತ್ತಿತ್ತು. ಹೆಸರು ನೋಡಿದರೆ ಸ್ಟೆಲ್ಲಾ! ಸಾಧ್ಯವೇ ಇಲ್ಲ ಅಂದುಕೊಂಡೆ.

ನನ್ನ ಸ್ವಭಾವವೇ ಅಂಥದ್ದು ಬಿಡಿ. ಹಾಲಿನವನ ಎದುರಿಗೇ ಉಗುರಿನ ಮೇಲೆ ಹನಿ ಬಿಟ್ಟು ನೋಡುವವಳು ನಾನು. ಆದರೆ ಈ ಸಲ ಕಾರಣವಿತ್ತು. ಒಂಬತ್ತು ವರ್ಷದ ಸ್ಟೆಲ್ಲಾಗೆ ಶ್ರುತಿಯೇ ಸಿಗುತ್ತಿರಲಿಲ್ಲ. ಎಲ್ಲರೂ ಮೇಲೆ ಹೋದರೆ ಇವಳು ಕೆಳಗೆ. ಒಂದು ದಿನ ಪಕ್ಕಕ್ಕೆ ಕರೆದು, “ನೀನು ಸುಮ್ನೆ ತುಟಿ ಆಡಿಸು ಪುಟ್ಟಿ, ಸಾಕು” ಅಂದೆ. ತಲೆಯಾಡಿಸಿದಳು. ಆಮೇಲೆ ಆರು ವರ್ಷ ಮೊದಲ ಸಾಲಿನಲ್ಲಿ ನಿಂತು ತುಟಿ ಆಡಿಸಿದಳು. ಫಾದರೇ ಒಮ್ಮೆ, “ಆ ಚಿಕ್ಕ ಹುಡುಗಿ ಎಷ್ಟು ಚೆನ್ನಾಗಿ ಹಾಡ್ತಾಳೆ!” ಅಂದಿದ್ದರು. ನಾನು ಒಳಗೊಳಗೇ ನಕ್ಕಿದ್ದೆ.

ಈಗಲೂ ಅದೇ ಆಟ, ಯಾರನ್ನೋ ಕರೆಸಿ ಹಾಡಿಸಿದ್ದಾರೆ ಅಂತ ತೀರ್ಮಾನಿಸಿ, ಭಾನುವಾರ ಅಣ್ಣ ತಂಗಿಯರನ್ನು ಯಾದವಗಿರಿಯ ನಮ್ಮ ಮನೆಗೆ ಊಟಕ್ಕೆ ಕರೆದೆ. ಪಲಾವ್ ನೆಪ, ತನಿಖೆ ನಿಜ. ಸ್ಟೆಲ್ಲಾ ಈರುಳ್ಳಿ ಹೆಚ್ಚಲು ಕೂತಳು.

“ಆ ನಾಲ್ಕನೇ ಹಾಡು ನಿಜವಾಗ್ಲೂ ಯಾರೇ ಹಾಡಿದ್ದು?” ಕೇಳೇಬಿಟ್ಟೆ.

ವಿನ್ಸೆಂಟನ ಮುಖ ಕೆಂಪಾಯಿತು. “ಏನ್ ಮಿಸ್ ಹಿಂಗ್ ಕೇಳ್ಬುಟ್ರಿ?”

“ಇರೋ ಅಣ್ಣ. ಇವ್ರು ಕೇಳೇ ಕೇಳ್ತಾರೆ ಅಂತ ನಂಗೊತ್ತಿತ್ತು,” ಅಂದಳು ಸ್ಟೆಲ್ಲಾ. ಚಾಕು ಕೆಳಗಿಟ್ಟು, ಕಣ್ಣೊರೆಸಿಕೊಂಡು ಹಾಡಿದಳು. ಅದೇ ದನಿ. ಆ ತಗ್ಗಿನಲ್ಲೇ ಅವಳ ದನಿಯ ಮನೆ ಇತ್ತು ಕಣ್ರೀ. ಎಲ್ಲ ಮಕ್ಕಳನ್ನೂ ಒಂದೇ ಏಣಿ ಹತ್ತಿಸುತ್ತಿದ್ದ ನಾನು ಅತ್ತ ತಿರುಗಿಯೂ ನೋಡಿರಲಿಲ್ಲ.

“ಇಷ್ಟು ವರ್ಷ ಇದನ್ನ ಎಲ್ಲಿ ಹಾಡ್ತಿದ್ದೆಯೇ?”

“ಬಚ್ಚಲುಮನೇಲಿ ಮಿಸ್, ನಲ್ಲಿ ಬುಟ್ಕೊಂಡು. ಯಾರಿಗಾದ್ರೂ ಕೇಳಿಸ್ಬುಟ್ರೆ ಅಂತ ಭಯ.”

ನಾಚಿಕೆಯಿಂದ ಕುಗ್ಗಿಹೋದೆ. ತಪ್ಪಾಯ್ತು ಕಣೇ ಎನ್ನಲು ಹೊರಟೆ. ತುಟಿ ಆಡಿತು, ದನಿ ಬರಲಿಲ್ಲ.

“ಕೇಳಿಸ್ತಿಲ್ಲ ಮಿಸ್,” ಅಂದಳು ಸ್ಟೆಲ್ಲಾ, ಮತ್ತೆ ಚಾಕು ಎತ್ತಿಕೊಳ್ಳುತ್ತಾ. “ಜೋರಾಗಿ ಹೇಳಿ.”

ಹೇಳಿದೆ. ಪಕ್ಕದ ಮನೆಯವರಿಗೂ ಕೇಳಿಸುವ ಹಾಗೆ.