ಕಂಪ್ಯೂಟರ್ ರಿಪೇರಿ ಮಾಡಿದ್ದು ಯಾರು

ಬಿಸಿಯಾದ ಧೂಳಿಗೆ ಒಂದು ವಾಸನೆಯಿದೆ, ಗಮನಿಸಿದ್ದೀರಾ? ಚಳಿಗಾಲದಲ್ಲಿ ಮೊದಲ ಸಲ ಹೀಟರ್ ಹಾಕಿದಾಗ ಬರುತ್ತದಲ್ಲ, ಅದು. ಕಳೆದ ವಾರ ನಾನೂ ನನ್ನ ಯಜಮಾನರೂ ಆಶ್‌ಬರ್ನ್‌ನ ಮಗಳ ಮನೆಗೆ ಹೋಗಿದ್ದಾಗ ಆ ವಾಸನೆ ಬಂತು. ಮಗಳು ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ನನಗೆ ಮಾತ್ರ ತೊಂಬತ್ತರ ದಶಕದ ನಮ್ಮ ಶ್ಯಾಂಟಿಲಿಯ ಅಪಾರ್ಟ್‌ಮೆಂಟು, ಅದರ ಮೂಲೆಯಲ್ಲಿ ಮುಚ್ಚಳ ಬಿಚ್ಚಿಕೊಂಡು ಅದೇ ವಾಸನೆ ಬೀರುತ್ತ ಕೂತಿದ್ದ ಕಂಪ್ಯೂಟರು ಕಣ್ಣ ಮುಂದೆ ಬಂದವು.

ಆಗ ನಾನು ಮದುವೆಯಾಗಿ ಅಮೆರಿಕಕ್ಕೆ ಹೊಸದಾಗಿ ಬಂದವಳು. ಅದಕ್ಕೆ ಮೊದಲು ಹಾಸನದ ಕಡೆಯ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದೆ. ಇಲ್ಲಿಯ ವೀಸಾದ ಭಾಷೆಯಲ್ಲಿ ನಾನು ಗಂಡನ ಅವಲಂಬಿತೆ, ಕೆಲಸ ಮಾಡುವಂತಿರಲಿಲ್ಲ. ದಿನವಿಡೀ ಕಾರ್ಪೆಟ್ಟಿನ ಮೇಲೆ ಓಡಾಡಿ, ಬಾಗಿಲ ಹಿಡಿ ಮುಟ್ಟಿ ಶಾಕ್ ಹೊಡೆಸಿಕೊಳ್ಳುವುದಷ್ಟೇ ನನ್ನ ಪಾಲಿಗೆ ಉಳಿದಿದ್ದ ವಿದ್ಯುತ್ ಪ್ರಯೋಗ.

ಇವರು ಆ ಹಳೆಯ ಕಂಪ್ಯೂಟರನ್ನು ಸೆಕೆಂಡ್ ಹ್ಯಾಂಡ್ ತಂದಿದ್ದರು. ಕೆಲಸ ಬದಲಿಸಲು ಹೊಸ ಸಾಫ್ಟ್‌ವೇರ್ ಕಲಿಯಬೇಕಿತ್ತು. ಅದು ಇದರಲ್ಲಿ ತೆವಳುತ್ತಿತ್ತು. ಒಂದು ಶನಿವಾರ ಮೆಮರಿ ಹೆಚ್ಚಿಸುವ, ಚಿಪ್‌ಗಳಿರುವ ಎರಡು ಹೊಸ ಪಟ್ಟಿಗಳನ್ನು ತಂದು, ಗೆಳೆಯ ಪ್ರಭಾಕರನನ್ನು ಕರೆಸಿ, ಹಳೆಯ ಎರಡರ ಜೊತೆಗೆ ಸೇರಿಸಿದರು. ಸ್ವಿಚ್ ಹಾಕಿದರೆ ಪರದೆ ಕಪ್ಪು. ಪೀಪ್ ಪೀಪ್ ಎಂಬ ಸದ್ದು ಬಿಟ್ಟರೆ ಬೇರೇನಿಲ್ಲ. ಊದಿದರು, ರಬ್ಬರಿನಿಂದ ಉಜ್ಜಿದರು, ಎಲ್ಲವನ್ನೂ ಕಿತ್ತು ಮತ್ತೆ ಸಿಕ್ಕಿಸಿದರು. ಆ ಗಾಬರಿಯಲ್ಲಿ ಯಾವುದು ಹಳೆಯದು, ಯಾವುದು ಹೊಸದು ಎಂಬುದೇ ಕಲಸಿಹೋಯಿತು.

ನಾನು ಹಿಂದೆ ನಿಂತು ನೋಡುತ್ತಿದ್ದೆ. ಅಂಥ ಯಂತ್ರದಲ್ಲಿ ಪಟ್ಟಿಗಳು ಜೋಡಿಯಾಗಿ ಕೂರಬೇಕು. ಜೋಡಿಯ ಎರಡೂ ಒಂದೇ ಅಳತೆಯವಾಗಿರಬೇಕು. ಇವರು ಮೊದಲ ಸಲವೂ, ಆಮೇಲೂ ಪ್ರತಿ ಜೋಡಿಯಲ್ಲೂ ಒಂದು ಹಳೆಯದು, ಒಂದು ಹೊಸದು ಕೂರಿಸಿದ್ದರು.

"ಜೋಡಿ ತಪ್ಪಾಗಿದೆ ಅನ್ಸತ್ತೆ ರೀ," ಅಂದೆ.

"ಒಂದ್ನಿಮಿಷ ಸುಮ್ನಿರು, ಥಿಂಕ್ ಮಾಡ್ತಿದೀವಿ," ಅಂದರು ಇವರು.

ಪ್ರಭಾಕರ ಮರ್ಯಾದಸ್ಥ. "ಅತ್ತಿಗೆ, ಸ್ವಲ್ಪ ಕಾಫಿ ಸಿಗತ್ತಾ?" ಅಂದ.

ಕೊಟ್ಟೆ. ಒಳ್ಳೆಯ ಕಾಫಿಯನ್ನೇ ಕೊಟ್ಟೆ. ನನ್ನ ಪ್ರತಿಭಟನೆಗಳು ಯಾವತ್ತೂ ಅಷ್ಟೇ. ಅದನ್ನು ಕುಡಿದು, ಮದರ್‌ಬೋರ್ಡೇ ಹೋಗಿದೆಯೆಂದು ಇಬ್ಬರೂ ತೀರ್ಮಾನಿಸಿದರು.

ಸೋಮವಾರ ಇವರು ಆಫೀಸಿಗೆ ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತೆ. ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಕಾರ್ಪೆಟ್ಟಿನಿಂದ ಮೈಗೇರಿದ್ದ ವಿದ್ಯುತ್ತನ್ನು ಕಳೆದುಕೊಂಡೆ. ಪಟ್ಟಿಗಳನ್ನು ಬಿಡಿಸಿ, ಚಿಪ್‌ಗಳ ಮೇಲಿನ ಸಣ್ಣ ಅಕ್ಷರ ಓದಿ ಜೋಡಿ ಮಾಡಿದೆ. ಓರೆಯಾಗಿ ಇಟ್ಟು ನೆಟ್ಟಗೆ ನಿಲ್ಲಿಸಿದರೆ ಪಕ್ಕದ ಕೊಕ್ಕೆಗಳು ಟಿಕ್ ಎಂದು ಹಿಡಿಯುತ್ತವೆ. ಸ್ವಿಚ್ ಹಾಕಿದೆ. ಪರದೆಯ ಮೇಲೆ ಅಂಕಿಗಳು ಏರತೊಡಗಿದವು, ಹಳೆಯ ಮಿತಿಯನ್ನು ದಾಟಿಯೂ ಏರಿದವು. ಖಾಲಿ ಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ.

ಸಂಜೆ ತೋರಿಸಿದಾಗ ಇವರ ಮುಖ ಒಮ್ಮೆ ಬೆಳಗಿತು, ಆಮೇಲೆ ಸಣ್ಣದಾಯಿತು.

"ನೀನ್ಯಾಕೆ ಮುಟ್ಟಿದೆ? ಏನಾದ್ರೂ ಸುಟ್ಟೋಗಿದ್ದಿದ್ರೆ?"

"ಸುಡ್ಲಿಲ್ವಲ್ಲ," ಅಂದೆ.

ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಇವರು ಪ್ರಭಾಕರನಿಗೆ ಫೋನಿನಲ್ಲಿ ಹೇಳುವುದು ಕೇಳಿಸಿತು: "ಏನಿಲ್ಲ ಕಣೋ, ಪೇರ್ ಮಿಸ್‌ಮ್ಯಾಚ್ ಆಗಿತ್ತು. ಸ್ವಾಪ್ ಮಾಡ್ದೆ, ಬೂಟ್ ಆಯ್ತು."

'ನಾನು' ಎಂದು ಬಾಯಿಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ. ನಮ್ಮ ಭಾಷೆಯಲ್ಲಿ ಆ ಒಂದು 'ದೆ' ಸಾಕು.

ಆಮೇಲೆ ಇವರಿಗೆ ಹೆಸರು ಬಂತು. ಪರಿಚಯದವರು ಕಂಪ್ಯೂಟರ್ ಹೊತ್ತು ತರುತ್ತಿದ್ದರು. ಇವರು ಸ್ಕ್ರೂಡ್ರೈವರ್ ಹಿಡಿದು ಕೂರುತ್ತಿದ್ದರು. ನಾನು ತಟ್ಟೆ ಇಡುವ ನೆಪದಲ್ಲಿ ಬಗ್ಗಿ ಮೆಲ್ಲಗೆ ಹೇಳಿಕೊಡುತ್ತಿದ್ದೆ. ನನಗೆ ಕೆಲಸ ಮಾಡಲು ಅನುಮತಿ ಬರುವಷ್ಟರಲ್ಲಿ ಮಗಳು ಹುಟ್ಟಿದ್ದಳು. ಆ ಪಟ್ಟಿಗಳ ಕಾಲವೇ ಮುಗಿದಿತ್ತು. ನನ್ನ ವಿದ್ಯೆಯದೂ.

ಕಳೆದ ವಾರ, ಅದೇ ದಿನದ ಊಟದ ಹೊತ್ತಿಗೆ, ಇವರು ಅಳಿಯನಿಗೆ ಆ ರಿಪೇರಿಯ ಕಥೆ ಹೇಳಿದರು. ಎಷ್ಟನೆಯ ಸಲವೋ. ನಾನು ಸೌಟು ಕೆಳಗಿಟ್ಟೆ.

"ಅದನ್ನ ಸರಿ ಮಾಡಿದ್ದು ನಾನು," ಅಂದೆ.

ಇವರು ಸಿಟ್ಟಾಗಲಿಲ್ಲ, ತಬ್ಬಿಬ್ಬಾಗಲೂ ಇಲ್ಲ. ತುತ್ತನ್ನು ಕೈಯಲ್ಲೇ ಹಿಡಿದು ನಿಜವಾಗಿ ಯೋಚಿಸಿದರು. "ಇಲ್ವಲ್ಲೇ. ನೀನಾಗ ಇನ್ನೂ ಇಂಡಿಯಾದಲ್ಲೇ ಇದ್ದೆ, ಅಲ್ವಾ?"

ಇಷ್ಟು ವರ್ಷ ಇವರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡು ಒಳಗೊಳಗೇ ಸಿಟ್ಟನ್ನು ಕಾಪಾಡಿಕೊಂಡು ಬಂದಿದ್ದೆ. ಸುಳ್ಳು ಹೇಳುವವರಿಗೆ ನಿಜ ಗೊತ್ತಿರುತ್ತದೆ. ಇವರ ನೆನಪಿನ ಆ ಮನೆಯಲ್ಲಿ ನಾನೇ ಇರಲಿಲ್ಲ. ಸಿಟ್ಟಿಗೂ ಈಗ ಯಾರೂ ಸಿಗದಂತಾಯಿತು.

"ಅಮ್ಮಾ, ಆಗ್ಲೇ ವೈ ಡಿಡಂಟ್ ಯು ಸೇ?" ಮಗಳು ಕೇಳಿದಳು.

"ಹೇಳಿದ್ದೆ," ಅಂದೆ.