ಉಲ್ಯಾನಾ ಕೊಟ್ಟ ಕುಂಬಳಕಾಯಿ

ನಮ್ಮ ಊರಲ್ಲಿ ಉಕ್ರೇನಿನವರು ಒಬ್ಬರೂ ಇಲ್ಲ. ಇದನ್ನು ಆಡಳಿತ ಕಚೇರಿಯ ಗೋಡೆಯ ಮೇಲೆ ಬರೆಸುವುದೊಂದು ಬಾಕಿ, ಉಳಿದ ಎಲ್ಲ ಕಡೆ ಹೇಳಿಯಾಗಿದೆ. ನಮ್ಮ ಮುತ್ತಾತಂದಿರು ಉಕ್ರೇನಿನ ಪೊಲ್ತಾವಾ ಕಡೆಯಿಂದ ಎತ್ತಿನ ಗಾಡಿಗಳಲ್ಲಿ ಈ ಕುಬಾನ್ ಬಯಲಿಗೆ ಬಂದವರು. ನಮ್ಮ ಮನೆತನದ ಹೆಸರುಗಳು ಶ್ಕರುಪಾ, ಗುಬಾ, ನೆಚಿಪೊರೆಂಕೊ. ನಮ್ಮ ಅಜ್ಜಿಯರು ಬೈದದ್ದು, ಜೋಗುಳ ಹಾಡಿದ್ದು, ಸತ್ತವರ ಮುಂದೆ ಅತ್ತದ್ದು ಎಲ್ಲ ಆ ಕಡೆಯ ಭಾಷೆಯಲ್ಲೇ. ಆದರೂ ನಾವು ಅಪ್ಪಟ ರಷ್ಯನ್ನರು, ಯಾಕೆಂದರೆ ನಾವು ರಷ್ಯದಲ್ಲಿದ್ದೇವೆ. ಆ ಭಾಷೆಗೆ ಇಲ್ಲಿ ಕುಬಾನಿನ ಹಳ್ಳಿಮಾತು ಎಂದು ಹೆಸರಿಟ್ಟಿದ್ದಾರೆ. ಗಡಿಯಾಚೆ ಅದನ್ನೇ ಆಡಿದರೆ ಶತ್ರುವಿನ ಭಾಷೆ, ಇಲ್ಲಿ ವೇದಿಕೆ ಹತ್ತಿ ಹಾಡಿದರೆ ಸರ್ಕಾರದ ಪ್ರಶಸ್ತಿ.

ಆ ಪ್ರಶಸ್ತಿಗಳನ್ನೆಲ್ಲ ನಮಗೆ ತಂದುಕೊಟ್ಟವಳು ಉಲ್ಯಾನಾ ಶ್ಕರುಪಾ. ನಮ್ಮ ವೆರ್ಬೊವ್ಕಾದ ಶಾಲೆಯಲ್ಲಿ ಅಡುಗೆಯವಳು, ಊರಿನ ಹಾಡಿನ ಮೇಳದಲ್ಲಿ ಮೊದಲ ದನಿ. ನಾನು ಅವಳ ಪಕ್ಕದ ಮನೆಯವಳು, ಮೇಳದಲ್ಲಿ ಎರಡನೇ ದನಿ. ಅಂದರೆ ಅರ್ಧ ಆಯುಷ್ಯ ಅವಳ ಬೆನ್ನು ನೋಡಿಕೊಂಡೇ ಹಾಡಿದವಳು. ನಮ್ಮ ಹಾಡಿಗೆ ಒಂದು ಕಟ್ಟಳೆ ಇದೆ. ಮೊದಲ ಸಾಲನ್ನು ಮೊದಲ ದನಿ ಒಬ್ಬಳೇ ಎತ್ತಬೇಕು, ಅವಳು ಎತ್ತುವ ತನಕ ಮಿಕ್ಕವರು ಬಾಯಿ ಬಿಡುವಂತಿಲ್ಲ. ಉಲ್ಯಾನಾ ಎತ್ತಿದಳೆಂದರೆ ಹಿಂದಿನ ಬೆಂಚಿನ ಕುಡುಕರೂ ಟೋಪಿ ತೆಗೆಯುತ್ತಿದ್ದರು. ಆಳು ದಪ್ಪ, ಮಾತು ಕಡಿಮೆ, ಸೂಪಿಗೆ ಉಪ್ಪು ಜಾಸ್ತಿ. ಮಕ್ಕಳು ದೂರಿದರೆ, "ನಲ್ಲಿ ಇದೆಯಲ್ಲ, ನೀರು ಕುಡಿ" ಎಂದು ಮತ್ತೊಂದು ಸೌಟು ಬಡಿಸುತ್ತಿದ್ದಳು.

ಅವಳಿಗೆ ಒಬ್ಬಳೇ ತಂಗಿ, ನೀಲಾ. ಮದುವೆಯಾಗಿ ಗಡಿಯಾಚೆ ಸುಮಿ ಕಡೆಗೆ ಹೋದವಳು. ಆಗ ಗಡಿ ಎಂದರೆ ರೈಲಿನಲ್ಲಿ ಕೈಯಲ್ಲಿದ್ದ ಚಹಾ ಆರುವಷ್ಟು ಹೊತ್ತಿನ ತಪಾಸಣೆ. ಒಂದು ಫೆಬ್ರವರಿಯಲ್ಲಿ ನಮ್ಮ ಸೈನ್ಯ ನೀಲಾಳನ್ನು ಬಿಡುಗಡೆ ಮಾಡಲು ಹೊರಟಿತು. ಯಾರಿಂದ ಬಿಡುಗಡೆ ಎಂದು ಅವಳಿಗೆ ತಿಳಿಯುವ ಮೊದಲೇ ಮನೆಯ ಮಾಡು ಹಾರಿಹೋಗಿತ್ತು, ಅವಳು ಮಕ್ಕಳನ್ನು ಕಟ್ಟಿಕೊಂಡು ಆಲೂಗಡ್ಡೆ ಇಡುವ ನೆಲಮಾಳಿಗೆಗೆ ಇಳಿದಿದ್ದಳು. ಇದನ್ನು ಯುದ್ಧ ಎನ್ನಬಾರದು. ವಿಶೇಷ ಕಾರ್ಯಾಚರಣೆ ಎನ್ನಬೇಕು. ಉಲ್ಯಾನಾ ಮೇಳದ ಅಭ್ಯಾಸದ ನಡುವೆ ಯುದ್ಧ ಅಂದಳು. ಬಾಯಿ ತಪ್ಪಿ ಅಂದದ್ದಲ್ಲ, ಬೇಕೆಂದೇ ಅಂದಳು. ನಮ್ಮಲ್ಲೇ ಒಬ್ಬ ಮಹಾತಾಯಿ ಹೋಗಿ ಮೇಲಿನವರ ಕಿವಿಗೆ ಊದಿದಳು. ಸೇನೆಗೆ ಅವಮಾನ ಎಂದು ದಂಡ ಬಿತ್ತು. ಇನ್ನೊಂದು ಸಲ ಸಿಕ್ಕಿಬಿದ್ದರೆ ದಂಡವಲ್ಲ, ವರ್ಷಗಟ್ಟಲೆ ಜೈಲು ಎಂದು ಹೇಳಿ ಮನೆಗೆ ಕಳಿಸಿದರು.

ಆ ಶರತ್ಕಾಲದಲ್ಲಿ ನಮ್ಮ ಊರಿನ ಹುಡುಗರಿಗೂ ಸೈನ್ಯದ ಕರೆ ಬಂತು. ಅವರನ್ನು ಬಸ್ ಹತ್ತಿಸಲು ಒಂದು ಭಾರಿ ಬೀಳ್ಕೊಡುಗೆ ಸಮಾರಂಭ ಗೊತ್ತಾಯಿತು. ಊರಿನ ಆಡಳಿತದ ಮುಖ್ಯಸ್ಥರು ವಾದಿಮ್ ಅರ್ಕಾದ್ಯೆವಿಚ್, ಉರಾಲ್ ಕಡೆಯಿಂದ ನಮ್ಮನ್ನು ಆಳಲು ಬಂದವರು. ನಮ್ಮ ಸಂಸ್ಕೃತಿಯ ಮೇಲೆ ಅವರಿಗೆ ಅಪಾರ ಪ್ರೀತಿ, ಯಾಕೆಂದರೆ ಅದಕ್ಕೆ ಮೇಲಿನಿಂದ ಅನುದಾನ ಬರುತ್ತಿತ್ತು. ಒಂದು ಭಾನುವಾರ ಅವರು ಉಲ್ಯಾನಾಳ ಮನೆಗೆ ಬಂದರು. ಕೈಯಲ್ಲಿ ದುಂಡು ರೊಟ್ಟಿ, ಒಂದು ಬಾಟಲಿ. ಜೊತೆಗೆ ಈ ಬಯಲಿನ ಹಳೆಯ ಕುದುರೆ ಸೈನಿಕರಾದ ಕಸಾಕರ ಸಮವಸ್ತ್ರ ತೊಟ್ಟ ಇಬ್ಬರು, ಯಾವ ಕಾಳಗದಲ್ಲಿ ಗೆದ್ದದ್ದೋ ದೇವರಿಗೇ ಗೊತ್ತಿರುವ ಪದಕಗಳನ್ನು ಎದೆ ತುಂಬ ನೇತುಹಾಕಿಕೊಂಡವರು. ನಾನು ಹಾಲಿನ ಪಾತ್ರೆ ಹಿಂದಿರುಗಿಸಲು ಹೋದವಳು ಬಾಗಿಲಲ್ಲೇ ನಿಂತೆ.

ನಮ್ಮಲ್ಲಿ ಗಂಡಸರು ರೊಟ್ಟಿ ಬಾಟಲಿ ಹಿಡಿದು ಬಂದು ಮೇಜಿನ ಮುಂದೆ ಕುಳಿತರೆ ಅದು ಹೆಣ್ಣು ಕೇಳುವ ಶಾಸ್ತ್ರ. ಹುಡುಗಿಗೆ ಒಪ್ಪಿಗೆಯಾದರೆ ಬಂದವರ ಹೆಗಲಿಗೆ ಕಸೂತಿ ವಸ್ತ್ರ ಕಟ್ಟುತ್ತಾಳೆ. ಒಲ್ಲೆ ಎಂದಾದರೆ ಬಾಯಿ ಬಿಡುವುದಿಲ್ಲ, ಕೊಟ್ಟಿಗೆಯಿಂದ ಒಂದು ಕುಂಬಳಕಾಯಿ ತಂದು ಕೈಗಿಡುತ್ತಾಳೆ. ಅದನ್ನು ಹೊತ್ತುಕೊಂಡು ಹುಡುಗ ಬೀದಿಯುದ್ದಕ್ಕೂ ನಡೆದು ಮನೆಗೆ ಹೋಗಬೇಕು. ಊರಿಗೆ ಡಂಗುರ ಸಾರುವ ಅಗತ್ಯವೇ ಇಲ್ಲ.

"ಉಲ್ಯಾನಾ ಪೆತ್ರೊವ್ನಾ, ನೀವು ಹಾಡ್ದೆ ಇದ್ರೆ ಆಗಲ್ಲ" ಎಂದರು ಮುಖ್ಯಸ್ಥರು, ಮರ್ಯಾದೆಗೆ ಅವಳ ಅಪ್ಪನ ಹೆಸರನ್ನೂ ಸೇರಿಸಿ. "ಹುಡುಗ್ರು ಬಸ್ ಹತ್ತೋ ಹೊತ್ತಿಗೆ ನಿಮ್ಮ ದನಿ ಕೇಳ್ಬೇಕು. ಎದೆ ಉಬ್ಬಬೇಕು."

"ಯಾವ ಹಾಡು?"

"ಅದೇ, ತಂಗಿ ಅಣ್ಣನ್ನ ಕೇಳ್ತಾಳಲ್ಲ, ನೀ ಬರೋದನ್ನ ಯಾವ ದಾರೀಲಿ ಕಾಯ್ಲಿ ಅಂತ. ಕಲ್ಲೂ ಅಳುತ್ತೆ ಅದಕ್ಕೆ."

"ಅಳ್ಸಿ ಎಲ್ಲಿಗೆ ಕಳಸ್ತೀರಿ?"

"ಅದು ನಿಮಗೇ ಗೊತ್ತಲ್ಲ."

"ಗೊತ್ತು. ನನ್ನ ತಂಗಿ ಮನೆಗೆ."

ಮುಖ್ಯಸ್ಥರು ಕೆಮ್ಮಿದರು. ಪದಕದವರಲ್ಲಿ ಒಬ್ಬ ಬಾಟಲಿಯ ಬಿರಡೆ ತೆಗೆದ. ಉಲ್ಯಾನಾ ಎದ್ದು ಕೊಟ್ಟಿಗೆಗೆ ಹೋದಳು. ಇದ್ದುದರಲ್ಲೇ ದೊಡ್ಡ ಕುಂಬಳಕಾಯಿಯನ್ನು ಅಪ್ಪಿಕೊಂಡು ಬಂದು ಮುಖ್ಯಸ್ಥರ ತೊಡೆಯ ಮೇಲಿಟ್ಟಳು.

ನನ್ನ ಕೈಯಲ್ಲಿದ್ದ ಪಾತ್ರೆ ಜಾರುವುದೊಂದು ಬಾಕಿ.

"ಅಯ್ಯಯ್ಯೋ, ಇದೆಲ್ಲ ಯಾಕೆ!" ಎಂದು ಮುಖ್ಯಸ್ಥರು ಕರಗಿ ನೀರಾದರು. "ಎಂಥಾ ಜನ ನೀವು! ಮನೆಗೆ ಬಂದೋರನ್ನ ಬರಿಗೈಲಿ ಕಳ್ಸಲ್ವಲ್ಲ!"

ಪದಕದವರಿಗೂ ಹೊಳೆಯಲಿಲ್ಲ. ಕಸಾಕರ ಪರಂಪರೆಯ ಆ ಕಾವಲುಗಾರರು ಮೀಸೆಯನ್ನು ಲೋಟದೊಳಗೆ ಬಿಟ್ಟು ಕುಳಿತಿದ್ದರು. ಕೆಸರಿನಲ್ಲಿ ಕಾರು ನಮ್ಮ ಬೀದಿಗೆ ಬರುವಂತಿರಲಿಲ್ಲ, ಹಾಗಾಗಿ ಮುಖ್ಯಸ್ಥರು ಕುಂಬಳಕಾಯಿಯನ್ನು ಕೂಸಿನ ಹಾಗೆ ಎತ್ತಿಕೊಂಡು ಇಡೀ ಬೀದಿ ನಡೆದರು. ಪ್ರತಿ ಗೇಟಿನಲ್ಲೂ ಹೆಂಗಸರು. ಎಲ್ಲರಿಗೂ ಅವರು ತಲೆಬಾಗಿ ನಮಸ್ಕಾರ ಹೇಳಿದರು. ಅವರ ಹೆಂಡತಿ ಅದನ್ನು ಬರಗಿನ ಜೊತೆ ಬೇಯಿಸಿ ಗಂಜಿ ಮಾಡಿದಳು. ಸಂಜೆಯ ಹೊತ್ತಿಗೆ ಊರಿನ ಅಂತರ್ಜಾಲ ಪುಟದಲ್ಲಿ ಫೋಟೋ ಬಂತು. ಮುಖ್ಯಸ್ಥರ ತೋಳಿನಲ್ಲಿ ಕುಂಬಳಕಾಯಿ, ಕೆಳಗೆ ಒಂದು ಸಾಲು: ನಮ್ಮ ಹೆಮ್ಮೆಯ ಹಾಡುಗಾರ್ತಿಯ ಕೊಡುಗೆ, ಒಗ್ಗಟ್ಟಿನ ಸಂಕೇತ. ಆ ಪುಟವನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಅವತ್ತು ಊರಿಗೆ ಊರೇ ಅದಕ್ಕೆ ಕೆಂಪು ಹೃದಯ ಒತ್ತಿತು.

ಅದರ ಅರ್ಥ ಏನೆಂದು ಮುಖ್ಯಸ್ಥರಿಗೆ ಕೊನೆಗೆ ಯಾರು ಹೇಳಿದರೋ ತಿಳಿಯದು. ಆ ಮಹಾತಾಯಿಯೇ ಇರಬೇಕು. ಆದರೆ ಬೀಳ್ಕೊಡುಗೆಯ ದಿನ ಬೆಳಗ್ಗೆ ಕಚೇರಿಯ ಬಾಗಿಲು ತೆರೆದಾಗ ಮೆಟ್ಟಿಲುಗಳ ತುಂಬ ಕುಂಬಳಕಾಯಿ. ಉದ್ದನೆಯವು, ಚಪ್ಪಟೆಯವು, ಹಂದಿಗೆ ಹಾಕುವ ದೊಡ್ಡವು. ಯಾರು ಇಟ್ಟರು? ಯಾರೂ ಇಡಲಿಲ್ಲ. ಅವೇ ಉರುಳಿಕೊಂಡು ಬಂದಿರಬೇಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಯಾರನ್ನೂ ಕಳ್ಳ ಎಂದಿರಲೂ ಇಲ್ಲ, ಬರೀ ಕಾಯಿ ಇಟ್ಟಿದ್ದರು. ಅಷ್ಟಕ್ಕೇ ಕಚೇರಿಗೆ ಕಚೇರಿಯೇ ಹೆಗಲು ಮುಟ್ಟಿಕೊಂಡಿತು.

ಕುಂಬಳಕಾಯಿಗಳನ್ನು ಎದುರಿಸಲು ಪಟ್ಟಣದಿಂದ ವಿಶೇಷ ಪಡೆ ಬಂತು. ತಲೆಗೆ ಹೆಲ್ಮೆಟ್, ಮುಖಕ್ಕೆ ಕಪ್ಪು ಮುಸುಕು, ಕೈಯಲ್ಲಿ ಲಾಠಿ. ಕಾಯಿಗಳು ಚದುರಲು ಒಪ್ಪಲಿಲ್ಲ. ಕೊನೆಗೆ ತುಳಿಯತೊಡಗಿದರು. ಒಬ್ಬ ತಿರುಳಿನ ಮೇಲೆ ಜಾರಿ ಅಂಗಾತ ಬಿದ್ದ. ನಾವು ನಗಲಿಲ್ಲ, ಅಂದರೆ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡೆವು. ಉಲ್ಯಾನಾ ಅಂಗಡಿ ಚೀಲ ಹಿಡಿದು ಶಾಲೆಗೆ ಹೊರಟಿದ್ದವಳು ನಿಂತು, "ಮಗಾ, ತುಳೀಬೇಡ್ವೋ. ಬೀಜ ಹುರ್ಕೊಂಡು ತಿನ್ಬಹುದು" ಎಂದಳು.

ಬಿದ್ದವನ ಪಕ್ಕದಲ್ಲಿದ್ದವನು ಅವಳ ಕೈ ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ. ಮಣಿಕಟ್ಟು ಮುರಿದ ಸದ್ದು ನನಗೆ ಕೇಳಿಸಿತು. ಊರಿನ ಮಕ್ಕಳಿಗೆಲ್ಲ ಉಣ್ಣಿಸಿದ ಕೈ ಅದು. ಆ ಮುಸುಕಿನೊಳಗೆ ಯಾರ ಮಗ ಇದ್ದನೋ, ಅವನ ತಾಯಿಯನ್ನು ನಾನು ಇವತ್ತಿಗೂ ಶಪಿಸುತ್ತೇನೆ. ಉಲ್ಯಾನಾಳನ್ನು ಪಡೆಯ ಬಸ್ಸಿಗೆ ತಳ್ಳಿದರು. ಹುಡುಗರನ್ನು ಇನ್ನೊಂದು ಬಸ್ಸಿಗೆ ಹತ್ತಿಸಿದರು. ಮೇಳ ಮೆಟ್ಟಿಲ ಮೇಲೆ ಸಾಲಾಗಿ ನಿಂತಿತು, ಯಾರೂ ಹಾಡಲಿಲ್ಲ. ಮೊದಲ ದನಿ ಇಲ್ಲದೆ ನಾವು ಬಾಯಿ ಬಿಡುವಂತಿಲ್ಲ, ಅದು ಕಟ್ಟಳೆ ಎಂದು ಮುಖ್ಯಸ್ಥರಿಗೆ ನಾನೇ ವಿನಯದಿಂದ ತಿಳಿಸಿದೆ.

ಕೈಗೆ ಪಟ್ಟಿ ಕಟ್ಟಿಸಿ, ವಿಚಾರಣೆಯ ತನಕ ಮನೆ ಬಿಟ್ಟು ಕದಲಬಾರದೆಂದು ಅವಳನ್ನು ವಾಪಸು ಕಳಿಸಿದರು. ಸೇನೆಗೆ ಎರಡನೇ ಸಲ ಅವಮಾನ ಎಂದು ಮೊಕದ್ದಮೆ ಹೂಡಿದ್ದಾಯಿತು, ಈಗ ಸರ್ಕಾರಿ ವಕೀಲರಿಗೆ ತಲೆನೋವು ಶುರುವಾಯಿತು. ಕುಂಬಳಕಾಯಿ ಕೊಟ್ಟರೆ ಒಲ್ಲೆ ಎಂದರ್ಥ, ಸರಿ. ಆದರೆ ಯಾರ ಪದ್ಧತಿ ಪ್ರಕಾರ? ಕುಬಾನ್ ಕಸಾಕರದು ಎಂದರೆ ಅದು ಸರ್ಕಾರವೇ ಕಾಪಾಡುತ್ತಿರುವ ಪರಂಪರೆ, ಅಪರಾಧ ಹೇಗಾಗುತ್ತದೆ? ಉಕ್ರೇನಿನವರದು ಎಂದರೆ, ಮೆಟ್ಟಿಲ ತುಂಬ ಕಾಯಿ ಇಟ್ಟ ಈ ಊರಿನವರು ಯಾರು? ಹಾಗಾಗಿ ಪದ್ಧತಿಯ ಸುದ್ದಿ ಎತ್ತದೆ ಅರ್ಥ ಮಾತ್ರ ಹೇಳುವ ಒಬ್ಬ ಸಾಕ್ಷಿ ಬೇಕಿತ್ತು, ನಂಬಿಕಸ್ಥ ಸಾಕ್ಷಿ. ನಮ್ಮ ಊರಿನ ಪೊಲೀಸ್ ಅಧಿಕಾರಿ ದೆಮ್ಯಾನ್ ಗುಬಾ ಸಿಕ್ಕಿದ.

ಸಿಗದೆ ಇನ್ನೇನು? ಹರೆಯದಲ್ಲಿ ದೆಮ್ಯಾನನೂ ಉಲ್ಯಾನಾಳ ಮನೆಗೆ ರೊಟ್ಟಿ ಬಾಟಲಿ ಹಿಡಿದು ಹೋಗಿದ್ದವನೇ. ಅವನ ಕೈಗೂ ಕುಂಬಳಕಾಯಿ ಬಿತ್ತು. ಬೀದಿಯಲ್ಲಿ ಎದುರಾದವರಿಗೆಲ್ಲ ಅವನು, "ಅಮ್ಮ ಗಂಜಿ ಮಾಡ್ತೀನಿ ತಗೊಂಡ್ ಬಾ ಅಂದ್ಲು" ಎಂದು ಹೇಳುತ್ತ ಹೋದ. ಯಾರೂ ನಂಬಲಿಲ್ಲ. ಆಮೇಲೆ ಮದುವೆಯಾದ, ಪೊಲೀಸನಾದ, ಹೊಟ್ಟೆ ಬಂತು. ಈಗಲೂ ಅವನು ಸಿಟ್ಟಾದರೆ ಊರಿನವರು, "ಗಂಜಿ ಕುಡಿದ್ಯಾ, ದೆಮ್ಯಾನ?" ಎಂದು ಕೇಳುತ್ತಾರೆ.

ವಿಚಾರಣೆಯ ಹಿಂದಿನ ದಿನ ಅವನು ಉಲ್ಯಾನಾಳ ಗೇಟಿನ ಬಳಿ ಬಂದು ನಿಂತ. ನಾನು ಬೇಲಿಯ ಈಚೆ ಬಟ್ಟೆ ಒಣಗಿಸುತ್ತಿದ್ದೆ.

"ಉಲ್ಯಾನಾ, ನಾಳೆ ನಾನು ಗಂಜಿ ಅಂತೀನಿ. ಕುಂಬಳಕಾಯಿ ಕೊಟ್ರೆ ಗಂಜಿ ಮಾಡ್ಕೊಂಡು ತಿನ್ನಿ ಅಂತ, ಅಷ್ಟೇ ಅರ್ಥ. ನೀನು ಹೂಂ ಅನ್ನು. ಕೇಸು ಬಿದ್ದೋಗುತ್ತೆ."

"ಸುಳ್ಳು ಹೇಳಿದ್ರೆ ನಿನ್ನ ಕೆಲ್ಸ?"

"ನನ್ನ ಕೆಲ್ಸ ಬಿಡು. ಒಂದ್ಸಲ ಹೂಂ ಅಂದ್ರೆ ನಿನ್ನ ಗಂಟೇನ್ ಹೋಗುತ್ತೆ? ನಂಗಂತೂ ಅನ್ಲಿಲ್ಲ, ಅವರಿಗಾದ್ರೂ ಅನ್ನು."

ಉಲ್ಯಾನಾ ನಕ್ಕಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ನ್ಯಾಯಾಲಯದ ಮೇಜಿನ ಮೇಲೆ ಸಾಕ್ಷ್ಯವೆಂದು, ಕಚೇರಿಯ ಮೆಟ್ಟಿಲ ಮೇಲೆ ಸಿಕ್ಕ ಒಂದು ಕುಂಬಳಕಾಯಿ ಇಟ್ಟಿದ್ದರು. ತೊಟ್ಟಿಗೆ ಚೀಟಿ, ಮೇಲೆ ಮೊಹರು. ಹಿಂದೆ ದೇಶದ ಲಾಂಛನ. ದೆಮ್ಯಾನ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದು ನಿಂತ.

"ನಿಮ್ಮೂರಲ್ಲಿ ಮನೆಗೆ ಬಂದೋರಿಗೆ ಕುಂಬಳಕಾಯಿ ಕೊಟ್ರೆ ಏನರ್ಥ?" ಎಂದು ಸರ್ಕಾರಿ ವಕೀಲರು ಕೇಳಿದರು.

"ಗಂಜಿ ಮಾಡ್ಕೊಳ್ಳಿ ಅಂತ, ಸಾರ್."

"ಸರಿಯಾಗಿ ಯೋಚ್ನೆ ಮಾಡಿ ಹೇಳಿ. ನಿಮಗೆ ಯಾರಾದ್ರೂ ಕೊಟ್ಟಿದ್ರಾ?"

"ಕೊಟ್ಟಿದ್ರು."

"ಯಾರು?"

"ಇವರೇ. ಆರೋಪಿ."

ಬೆಂಚುಗಳಲ್ಲಿ ನಮ್ಮವರ ಭುಜಗಳು ಕುಣಿದವು.

"ಏನ್ ಮಾಡಿದ್ರಿ?"

"ಗಂಜಿ ಮಾಡಿ ತಿಂದ್ವಿ, ಸಾರ್" ಎಂದ ದೆಮ್ಯಾನ. ಕಿವಿಯವರೆಗೂ ಕೆಂಪಾಗಿದ್ದ. "ಚೆನ್ನಾಗಿತ್ತು. ನಮ್ಮ ಮುಖ್ಯಸ್ಥರೂ ತಿಂದಿದಾರೆ, ಬೇಕಾದ್ರೆ ಫೋಟೋ ನೋಡಿ."

ನ್ಯಾಯಾಧೀಶೆಗೂ ನಿರಾಳವಾದಂತೆ ಕಂಡಿತು. ಕುಂಬಳಕಾಯಿಗಾಗಿ ಹೆಂಗಸನ್ನು ಜೈಲಿಗೆ ಕಳಿಸಿದರು ಎಂಬ ಹೆಸರು ಯಾರಿಗೆ ಬೇಕು? ಅವರು ಉಲ್ಯಾನಾಳ ಕಡೆ ತಿರುಗಿ, "ಸಾಕ್ಷಿ ಹೇಳಿದ್ದು ಸರೀನಾ?" ಎಂದರು.

ಹೂಂ ಅಂದಿದ್ದರೆ ಸಾಕಿತ್ತು. ನಾನು ಬೆಂಚಿನಿಂದ ಕಣ್ಣು ಬಾಯಿ ಎಲ್ಲ ಬಿಟ್ಟು, ಅನ್ನೇ ಹೂಂ ಅನ್ನೇ ಎಂದು ಸನ್ನೆ ಮಾಡುತ್ತಿದ್ದೆ. ಅವಳು ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಎದ್ದಳು. ಹಾಡು ಎತ್ತುವ ಮೊದಲು ಉಸಿರು ಎಳೆದುಕೊಳ್ಳುತ್ತಾಳಲ್ಲ, ಹಾಗೆ ಎಳೆದುಕೊಂಡಳು. ನನಗೆ ಆಗಲೇ ತಿಳಿದುಹೋಯಿತು.

"ದೆಮ್ಯಾನ ಒಳ್ಳೇವ್ನು. ಸುಳ್ಳು ಹೇಳ್ತಿದಾನೆ. ಅವತ್ತೂ ಇದೇ ಸುಳ್ಳು ಹೇಳ್ಕೊಂಡು ಹೋದ. ಕುಂಬಳಕಾಯಿ ಅಂದ್ರೆ ಗಂಜಿ ಅಲ್ಲ, ಒಲ್ಲೆ ಅಂತ. ಅವತ್ತು ಇವನನ್ನ ಒಲ್ಲೆ ಅಂದೆ, ಈಗ ನಿಮ್ಮ ಯುದ್ಧಾನ ಒಲ್ಲೆ ಅಂದೆ. ನನ್ನ ತಂಗಿ ನೆಲಮಾಳಿಗೇಲಿ ಕೂತಿದಾಳೆ. ಅವಳಿಗೆ ನಾನು ಗಂಜಿ ಅಂತ ಹೆಂಗೆ ಹೇಳ್ಲಿ?"

"ಇದು ಯಾರ ಪದ್ಧತಿ?" ನ್ಯಾಯಾಧೀಶೆಯ ಬಾಯಿಂದ ಪ್ರಶ್ನೆ ಹೊರಟೇಬಿಟ್ಟಿತು.

"ಕುಬಾನಿನ..." ಎಂದು ವಕೀಲರು ತಡವರಿಸಿದರು.

"ಉಕ್ರೇನಿನೋರ್ದು" ಎಂದಳು ಉಲ್ಯಾನಾ. "ನಮ್ಮದು."

ಎರಡು ವರ್ಷ ಹಾಕಿದರು. ನನಗೆ ಅವಳ ಮೇಲೆ ಬಂದಷ್ಟು ಸಿಟ್ಟು ಆ ನ್ಯಾಯಾಧೀಶೆಯ ಮೇಲೂ ಬರಲಿಲ್ಲ. ಒಂದು ಹೂಂ ಅನ್ನಲಾರದ ಹಠಮಾರಿ ಎಂದು ಬಸ್ಸಿನುದ್ದಕ್ಕೂ ಬೈದುಕೊಂಡು ಅತ್ತೆ. ಪಕ್ಕದ ಸೀಟಿನಲ್ಲಿ ದೆಮ್ಯಾನ ಕುಳಿತಿದ್ದ, ತೊಡೆಯ ಮೇಲೆ ಆ ಸಾಕ್ಷ್ಯದ ಕುಂಬಳಕಾಯಿ. ತೀರ್ಪಾದ ಮೇಲೆ ಎಸೆದುಬಿಡಿ ಎಂದು ನ್ಯಾಯಾಲಯದವರು ಕೊಟ್ಟಿದ್ದರಂತೆ. ಅವನು ಎಸೆಯಲಿಲ್ಲ.

ಬಸ್ಸಿಳಿದು ಬೀದಿಯಲ್ಲಿ ನಡೆದ. ಸಮವಸ್ತ್ರ, ಪದಕ, ಹೊಟ್ಟೆಯ ಮೇಲೆ ಕುಂಬಳಕಾಯಿ. ಗೇಟುಗಳಲ್ಲಿ ಹೆಂಗಸರು ನಿಂತಿದ್ದರು, ಯಾರೂ ನಗಲಿಲ್ಲ. ಕಚೇರಿಯ ಮೆಟ್ಟಿಲ ಮೇಲೆ ವಾದಿಮ್ ಅರ್ಕಾದ್ಯೆವಿಚ್ ಸಿಗರೇಟು ಸೇದುತ್ತಿದ್ದರು. ತೀರ್ಪಿನ ಸುದ್ದಿ ಅವರಿಗೆ ತಲುಪಿತ್ತು, ಖುಷಿಯಲ್ಲಿದ್ದರು.

"ಏನ್ ದೆಮ್ಯಾನ್, ಗಂಜಿಗಾ?"

"ಅಲ್ಲ" ಎಂದ ದೆಮ್ಯಾನ. ಮೆಟ್ಟಿಲು ಹತ್ತಿ ಕುಂಬಳಕಾಯಿಯನ್ನು ಅವರ ಕೈಗಿಟ್ಟ. ತಲೆಯ ಮೇಲಿದ್ದ ಪೊಲೀಸ್ ಟೋಪಿ ತೆಗೆದು ಅದರ ಮೇಲಿಟ್ಟು, ಬರಿದಲೆಯಲ್ಲಿ ಮನೆಯ ಕಡೆ ಹೊರಟ.

ಈ ಸಲ ಮುಖ್ಯಸ್ಥರು ಫೋಟೋ ತೆಗೆಸಿಕೊಳ್ಳಲಿಲ್ಲ.