ಹೊಳೆಯ ಕಲ್ಲಿನ ಹಸಿರು

ನಮ್ಮ ಮನೆಯವರ ಬಲಗೈ ಬೆರಳುಗಳ ತುದಿ ಸುಣ್ಣ ಹಚ್ಚಿದಂತೆ ಬೆಳ್ಳಗಿತ್ತು. ಚರ್ಮ ಒಣಗಿ ಸಣ್ಣಗೆ ಬಿರಿದಿರುತ್ತಿತ್ತು. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ, ಸತ್ತ ಪ್ರಾಣಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ವಾಸನೆ ಹೋಗುತ್ತಿರಲಿಲ್ಲ. ಹಾಗಾಗಿ ಅವರು ಮಂಡಕ್ಕಿಯನ್ನೂ ಚಮಚದಲ್ಲೇ ತಿನ್ನುತ್ತಿದ್ದರು. ದಾವಣಗೆರೆಯಲ್ಲಿ ಅಂಥ ಗಂಡಸನ್ನು ಆಗ ಯಾರೂ ಕಂಡಿರಲಿಲ್ಲ. ಅವರು ಬರುವುದು ಕಂಡರೆ ಅಂಗಡಿಯವನು "ದೊರೆಗಳು ಬಂದ್ರು, ಚಮಚ ತೊಳೀರೋ" ಎಂದು ಒಳಗೆ ಕೂಗುತ್ತಿದ್ದ. ಇವರೂ ನಗುತ್ತಿದ್ದರು. "ಕಪ್ಪೆ ಹಿಡಿದ ಕೈ ಐತಪ್ಪ. ನಿನ್ನ ಮಂಡಕ್ಕಿ ಕೆಡೋದು ಬ್ಯಾಡ."

ಅವರು ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ನಾನು ಓದಿದ್ದು ಊರಲ್ಲಿ ಏಳನೇ ಇಯತ್ತೆವರೆಗೆ. ಐವತ್ತರ ದಶಕದ ನಡುವೆ ಮದುವೆಯಾಗಿ ಬಂದಾಗ ನನಗೆ ಮೊದಲು ವಿಚಿತ್ರ ಅನ್ನಿಸಿದ್ದು ಅವರ ಮನೆಯ ತರಕಾರಿ ಬುಟ್ಟಿ. ಬದನೆಕಾಯಿ, ಟೊಮೇಟೊ, ಆಲೂಗಡ್ಡೆ, ಹಸಿಮೆಣಸಿನಕಾಯಿ ಎಲ್ಲ ಒಂದೇ ಬುಟ್ಟಿಯಲ್ಲಿ ಇರುತ್ತಿದ್ದವು. ನಾನು ಬೇರೆ ಮಾಡಿಟ್ಟರೆ ಅವರು ಸ್ಕೂಲಿನಿಂದ ಬಂದು ಮತ್ತೆ ಒಟ್ಟಿಗೆ ಹಾಕುತ್ತಿದ್ದರು. "ಒಂದೇ ಮನೆತನದವು, ಯಾಕ ಅಗಲಿಸ್ತಿ? ಹೂವು ನೋಡು, ಎಲ್ಲಾ ಒಂದೇ ಥರ" ಎನ್ನುತ್ತಿದ್ದರು. ನಮ್ಮ ಅತ್ತೆ ಒಲೆ ಮುಂದಿನಿಂದಲೇ, "ಹೌದೇನಪ್ಪಾ? ಹಂಗಾದ್ರೆ ನಾಳೆ ಬದನೆಕಾಯಿ ಬದ್ಲು ಮೆಣಸಿನಕಾಯಿ ಎಣ್ಣೆಗಾಯಿ ಮಾಡ್ತೀನಿ, ಒಬ್ನೇ ಉಣ್ಣು" ಅನ್ನೋರು.

ಗಿಡ, ಹುಳ, ಹಕ್ಕಿ ಯಾವುದನ್ನು ಕಂಡರೂ ಅದು ಯಾರ ಪೈಕಿ ಎಂದು ಕೇಳುವುದೇ ಅವರ ಅಭ್ಯಾಸ. ಎಲ್ಲಿ ಇರುತ್ತದೆ, ಹೇಗೆ ಕಾಣುತ್ತದೆ ಎಂದು ನೋಡಿ ಗುಂಪಿಗೆ ಸೇರಿಸಬಾರದು, ಒಳಗೆ ಹೇಗೆ ಕಟ್ಟಿದೆ ಎಂದು ನೋಡಬೇಕು ಎನ್ನುತ್ತಿದ್ದರು. ಒಂದು ಸಂಜೆ ಹುಣಸೆಮರದ ಬಾವಲಿಗಳನ್ನು ತೋರಿಸಿ ನನಗೆ ಹೇಳಿದ್ದು ನೆನಪಿದೆ. "ಹಾರ್ತೈತೆ ಅಂತ ಹಕ್ಕಿ ಅನ್ಕಬ್ಯಾಡ. ಮರಿಗೆ ಹಾಲು ಕುಡಿಸ್ತೈತೆ. ಅದು ನಮ್ಮ ಕಡೇದು." ನಮ್ಮ ಕಡೇದು ಅನ್ನುವಾಗ ಅವರ ಮುಖ ಬೀಗರ ಪೈಕಿಯವರು ಸಿಕ್ಕಂತೆ ಅರಳುತ್ತಿತ್ತು.

ಸ್ಕೂಲಿನ ಒಂದು ಕೋಣೆಯಲ್ಲಿ ಎರಡು ಕಪಾಟು ಮಾಡಿಸಿದ್ದರು, ಒಂದು ಸಸ್ಯಗಳಿಗೆ, ಒಂದು ಪ್ರಾಣಿಗಳಿಗೆ. ಯಾವ ಗುಂಪಿನದು ಎಂದು ತಿಳಿಯದ ವಸ್ತುಗಳನ್ನು ಕಿಟಕಿ ಕಟ್ಟೆಯ ಮೇಲೆ ಇಡುತ್ತಿದ್ದರು. ಆ ಕಟ್ಟೆಗೆ ಛತ್ರ ಎಂದು ಹೆಸರು. ಮನೆ ಸಿಗುವ ತನಕ ಛತ್ರದಲ್ಲಿ ಇರಲಿ, ಗೊತ್ತಿಲ್ಲ ಅನ್ನೋದಕ್ಕೆ ನಾಚಿಕೆ ಬ್ಯಾಡ ಎಂದು ಹುಡುಗರಿಗೆ ಹೇಳುತ್ತಿದ್ದರು.

ರಜೆ ಬಂದರೆ ಹುಡುಗರನ್ನು ರೈಲಿನಲ್ಲಿ ಹರಿಹರಕ್ಕೆ ಕರೆದೊಯ್ಯುತ್ತಿದ್ದರು. ಮೊದಲು ದೇವಸ್ಥಾನ. ಅರ್ಧ ಹರಿ, ಅರ್ಧ ಹರನಾಗಿ ನಿಂತ ಮೂರ್ತಿಯ ಮುಂದೆ, "ಇವನ್ನ ಯಾವ ಕಪಾಟಿಗೆ ಹಾಕ್ತೀರಿ, ಹೇಳ್ರಲೇ" ಎಂದು ಕೇಳುವುದು, ಪೂಜಾರಿ ಗದರುವುದು, ಆಮೇಲೆ ಎಲ್ಲರೂ ಹೊಳೆಗೆ ಇಳಿಯುವುದು. ಅಂಥ ಒಂದು ಸಲ, ಬೇಸಿಗೆ ಶುರುವಾಗಿ ನೀರು ಇಳಿದಾಗ ಕಲ್ಲುಗಳ ಮಗ್ಗುಲಿಗೆ ದಪ್ಪಗೆ ಅಂಟಿದ್ದ ಹಸಿರು ಹೊಪ್ಪಳೆಗಳನ್ನು ಬಿಡಿಸಿ ತಂದರು. ಮನೆಗೆ ಬಂದಾಗ ನಾನು ಮೀನಿನಂಥ ವಾಸನೆ ಅಂದೆ. "ಹೊಳೇದು, ಇನ್ನೇನು ವಾಸನೆ ಬರ್ತೈತೆ" ಅಂದರು. ಹಸಿರು, ಅಲುಗಾಡುವುದಿಲ್ಲ, ಕಲ್ಲು ಬಿಡುವುದಿಲ್ಲ. ಅದನ್ನು ಶೀಶೆಗೆ ಹಾಕಿ, ಛತ್ರದಲ್ಲಿ ಇಡದೆ ನೇರ ಸಸ್ಯಗಳ ಕಪಾಟಿಗೆ ಸೇರಿಸಿ, ಹೊಳೆ ಪಾಚಿ ಎಂದು ಚೀಟಿ ಅಂಟಿಸಿದರು. ಮುಂದೆ ಇನ್‌ಸ್ಪೆಕ್ಟರು ಬಂದಾಗ ಆ ಶೀಶೆಯನ್ನು ಬೆಳಕಿಗೆ ಹಿಡಿದು ಬಹಳ ಹೊಗಳಿದರಂತೆ. ಬೇರೆ ಸ್ಕೂಲುಗಳಲ್ಲೂ ಆ ಪಾಚಿಯ ಮಾತು ಹೇಳಿದರಂತೆ.

ನಮ್ಮ ಮನೆಯವರ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ. ಪ್ರತಿ ಬೇಸಿಗೆಯೂ ಕೆಲಸ ಬಿಟ್ಟು, ಬಾಡಿಗೆ ಮನೆಯ ಬೀಗದ ಕೈ ಕೊಟ್ಟು, ಆನಗೋಡಿನಲ್ಲಿ ಅವರ ಅಣ್ಣನ ಮನೆಗೆ ಹೋಗಿ ಇರಬೇಕಾಗುತ್ತಿತ್ತು. ಮಗ ಇನ್ನೂ ತೊಟ್ಟಿಲಲ್ಲಿದ್ದ. ನನಗೆ ಒಂದೇ ಕಡೆ ನಿಲ್ಲುವ ಒಲೆ ಬೇಕಾಗಿತ್ತು, ಅಷ್ಟೆ. ಮುಂದಿನ ವರ್ಷ ಅದೇ ಇನ್‌ಸ್ಪೆಕ್ಟರು ಮತ್ತೆ ಬರುವವರಿದ್ದರು. ಅವರು ಒಂದು ಮಾತು ಬರೆದರೆ ಕೆಲಸ ಕಾಯಂ ಎಂದು ಹೆಡ್‌ಮಾಸ್ತರೇ ಹೇಳಿದ್ದರು.

ಇನ್‌ಸ್ಪೆಕ್ಟರು ಬರುವುದಿದ್ದ ವಾರದ ಹಿಂದಿನ ಭಾನುವಾರ ನಾನು ಹಿತ್ತಾಳೆ ಚೊಂಬು ತಿಕ್ಕಲು ಕೂತೆ. ತೆಂಗಿನ ನಾರು ಮುಗಿದಿತ್ತು. ಆಗ ತಂದಿದ್ದರಲ್ಲಿ ಉಳಿದು, ಸಾಮಾನಿನ ಜೊತೆ ಬಂದು ಅಟ್ಟ ಸೇರಿದ್ದ ಒಣಗಿದ ಹೊಳೆ ಪಾಚಿಯ ತುಂಡೊಂದನ್ನು ತಂದು ತಿಕ್ಕಿದೆ. ಚೊಂಬು ಬಂಗಾರದಂತೆ ಹೊಳೆಯಿತು. ನನ್ನ ಅಂಗೈ ಮಾತ್ರ ಕೆಂಪಗಾಗಿ, ಮುಳ್ಳುಹಂದಿ ಹಿಡಿದಂತೆ ಚುಚ್ಚತೊಡಗಿತು. ಅತ್ತೆ ಕೊಬ್ಬರಿ ಎಣ್ಣೆ ಸವರಿದರು. ನಮ್ಮ ಮನೆಯವರು ನನ್ನ ಕೈ ಹಿಡಿದು ನೋಡಿದರು, ಚೊಂಬನ್ನು ನೋಡಿದರು, ಕೊನೆಗೆ ಆ ತುಂಡನ್ನು ಕೈಗೆತ್ತಿಕೊಂಡರು.

"ಪಾಚಿ ಹೆಂಗೆ ಚುಚ್ತೈತೆ?" ಅಂದರು. ಆಮೇಲೆ, "ಸೀರೆ ಸರಿಮಾಡ್ಕೊ, ಸ್ಕೂಲಿಗೆ ಹೋಗಣ."

ನಾನು ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಆ ತುಂಡನ್ನು ಪುಡಿ ಮಾಡಿ ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಮೇಲೆ ನನ್ನನ್ನು ಕೂರಿಸಿ ತೋರಿಸಿದರು. ಬೆಳ್ಳನೆ ಬೆಳಕಿನಲ್ಲಿ ರಾಶಿ ರಾಶಿ ಸೂಜಿಗಳು, ಎಲ್ಲವೂ ಗಾಜಿನಷ್ಟು ತಿಳಿ. ಅಷ್ಟು ಚಂದದ ವಸ್ತು ನಾನು ಕಂಡಿರಲಿಲ್ಲ. ಅವರು ದಪ್ಪ ಪುಸ್ತಕ ತೆಗೆದು ಬಹಳ ಹೊತ್ತು ಓದಿದರು.

"ಸ್ಪಂಜು. ಸಮುದ್ರದಾಗೆ ಮಾತ್ರ ಇರ್ತೈತೆ ಅನ್ಕಂಡಿದ್ದೆ. ಈ ಸೂಜಿಗಳು ಅದರ ಎಲುಬಿದ್ದಂಗೆ. ಇದು ಪ್ರಾಣಿ."

"ಮತ್ತೆ ಹಸಿರು?"

"ಹಸಿರು ಅದರದಲ್ಲ. ಒಳಗೆ ಸಣ್ಣ ಪಾಚಿ ಬಿಡಾರ ಮಾಡೈತೆ." ಪುಸ್ತಕ ಮುಚ್ಚಿ, "ಛತ್ರದಾಗೆ ಇಡಬೇಕಿತ್ತು. ಅವಸರ ಮಾಡಿದೆ" ಅಂದರು.

ಇನ್‌ಸ್ಪೆಕ್ಟರು ಬಂದು ಹೋದ ದಿನ ಸಂಜೆ ಹೆಡ್‌ಮಾಸ್ತರು ನಮ್ಮ ಮನೆಗೆ ಬಂದರು. ಕೂಡ್ರಿ ಅಂದರೂ ಕೂರಲಿಲ್ಲ. "ಅಮ್ಮಾ, ನೀವಾದ್ರೂ ಬುದ್ಧಿ ಹೇಳ್ಬಾರ್ದಾ? ಸಾಹೇಬ್ರು ಹೋದ್ಮೇಲೆ ಶೀಶೆ ಬದಲಾಯ್ಸಿ ಅಂತ ಕೈ ಮುಗಿದೆ. ಇವ್ರು ಮೊದ್ಲೇ ಪ್ರಾಣಿ ಕಪಾಟಿಗೆ ಇಟ್ಟುಬಿಟ್ಟವ್ರೆ. ಸಾಹೇಬ್ರು ಬಂದವ್ರೇ, 'ನಮ್ಮ ಪಾಚಿ ಎಲ್ರೀ' ಅಂದ್ರು. ಇವ್ರು, 'ಹೋದ ಸಲ ತಮಗೆ ತಪ್ಪು ಹೇಳಿದ್ದೆ ಸಾರ್, ಅದು ಪ್ರಾಣಿ' ಅಂದ್ರು. 'ಹಂಗಾದ್ರೆ ನಾನು ಊರೆಲ್ಲಾ ಹೊಗಳಿದ್ದು ಪ್ರಾಣೀನಾ?' ಅಂದ್ರು. ಇವ್ರು ಏನಂದ್ರು ಗೊತ್ತಾ? 'ತಾವು ಹೊಗಳಿದ್ದು ತಪ್ಪಲ್ಲ ಸಾರ್, ನಾನು ಬರೆದಿದ್ದು ತಪ್ಪು.' ಹೆಂಗೆ ಗೊತ್ತಾಯ್ತು ಅಂತ ಕೇಳಿದ್ರೆ, 'ನಮ್ಮ ಮನೆಯವ್ಳು ಚೊಂಬು ತಿಕ್ಕಿದ್ಳು ಸಾರ್' ಅಂತ! ಹುಡುಗ್ರೆಲ್ಲ ಗೊಳ್ಳಂತ ನಕ್ಕುಬಿಟ್ರು. ಸಾಹೇಬ್ರು ಮುಖ ಕೆಂಪಗೆ ಮಾಡ್ಕೊಂಡು ಜೀಪು ಹತ್ತಿದ್ರು."

ಆ ವರ್ಷ ಆರ್ಡರು ಬರಲಿಲ್ಲ. ಮತ್ತೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುವಾಗ ನಾನು ತಡೆಯಲಾರದೆ ಕೇಳಿದೆ. "ಅದು ಪಾಚಿಯಾಗೇ ಇದ್ದಿದ್ರೆ ಯಾರ ಗಂಟು ಹೋಗ್ತಿತ್ತು ರೀ?"

ಅವರು ಆ ಚೊಂಬನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. "ಹುಡುಗ್ರು ನಾನು ಹೇಳಿದ್ದನ್ನ ಖರೇ ಅಂತ ಬರ್ಕೊಂತಾರೆ ನೋಡೇ" ಅಂದರು. ದನಿ ಏರಿಸಲಿಲ್ಲ. ಆ ಬೇಸಿಗೆಯೆಲ್ಲ ನಾನು ಅವರೊಡನೆ ನೆಟ್ಟಗೆ ಮಾತಾಡಲಿಲ್ಲ. ಅವರು ಆನಗೋಡಿನ ಕೆರೆಗೆ ಹೋಗಿ ಕಲ್ಲು ಮಗುಚಿ ನೋಡಿಕೊಂಡು ಬರುತ್ತಿದ್ದರು.

ಜೂನಿನಲ್ಲಿ ಸ್ಕೂಲಿನವರು ಮತ್ತೆ ಕರೆದರು. ಇನ್ನೊಬ್ಬ ಇನ್‌ಸ್ಪೆಕ್ಟರ ಕಾಲಕ್ಕೆ ಕೆಲಸ ಕಾಯಂ ಆಯಿತು, ನನ್ನ ಒಲೆಯೂ ಒಂದೇ ಕಡೆ ನಿಂತಿತು. ಹೊಸ ಹುಡುಗರು ಬಂದಾಗಲೆಲ್ಲ ಅವರು ಮೊದಲು ತೋರಿಸುತ್ತಿದ್ದುದು ಆ ಶೀಶೆಯನ್ನೇ. ಇದನ್ನು ನಾನು ತಪ್ಪಾಗಿ ಹೇಳಿಕೊಟ್ಟಿದ್ದೆ ಎಂದೇ ಶುರು ಮಾಡುತ್ತಿದ್ದರಂತೆ.

ಅರವತ್ತರ ದಶಕ ಮುಗಿಯುವ ಮುಂಚೆ ಒಂದು ಬೇಸಿಗೆ, ಹತ್ತಿ ಗಿರಣಿಯ ಸೈರನ್ನು ಕೂಗುವ ಹೊತ್ತಿಗೆ, ಎದೆನೋವು ಅಂದವರು ಮತ್ತೆ ಏಳಲಿಲ್ಲ. ಅಸ್ಥಿ ಬಿಡಲು ಮನೆಯ ಗಂಡಸರು ಹರಿಹರಕ್ಕೆ ಹೊರಟರು. ಹೆಂಗಸರು ಬರೋದು ಬ್ಯಾಡ ಅಂದರು. ನಾನು ಹೋದೆ. ಆನಗೋಡಿನ ಅವರ ಅತ್ತಿಗೆಯೂ ನನ್ನ ಜೊತೆ ಬಂದರು.

ಹೊಳೆ ಇಳಿದಿತ್ತು. ಮಗ ಮಡಕೆ ಹಿಡಿದು ಮುಂದೆ ಹೋದ. ನೀರಿನಂಚಿನ ಕಲ್ಲಿಗೆ ನಾನು ಕಾಲಿಡುವಾಗ ಆ ಅತ್ತಿಗೆ, ನನಗೆ ಅಕ್ಕನಂತಿದ್ದವರು, ಕೈ ಹಿಡಿದು ಎಳೆದರು. "ಹುಷಾರವ್ವ, ಪಾಚಿ ಐತೆ, ಜಾರ್ತಿ."

ಕಲ್ಲಿನ ಮಗ್ಗುಲಲ್ಲಿ ದಪ್ಪನೆಯ ಹಸಿರು ಹೊಪ್ಪಳೆ, ಅರ್ಧ ನೀರಿನೊಳಗೆ. ನಾನು ಬಗ್ಗಿ ನೋಡಿದೆ.

"ಪಾಚಿ ಅಲ್ಲಕ್ಕ" ಅಂದೆ. "ಅದು ನಮ್ಮ ಕಡೇದು."

ಅಕ್ಕ ನನ್ನ ಮುಖ ನೋಡಿ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದರು. ನಾನು ಅದನ್ನು ತುಳಿಯದೆ, ಪಕ್ಕದ ಬರಿಗಲ್ಲಿನ ಮೇಲೆ ಕಾಲಿಟ್ಟು ನೀರಿಗಿಳಿದೆ.